ತಡಮೆ ದಾರಿಯ ಅಳತೆ

ಆ ಕೋಣೆಯಲ್ಲಿ ನನ್ನ ಜೀನಸು ಸಾಮಾನಿನ ಅಂಗಡಿ ಆಗುವುದಿಲ್ಲ ಎಂದು ಮೊದಲು ಹೇಳಿದವರು ಕೋಣೆಯ ಯಜಮಾನರು. ನಾನು ಕೊಟ್ಟ ಬಾಡಿಗೆ ಕರಾರಿನ ಪ್ರತಿಯನ್ನು ಸುರುಳಿ ಸುತ್ತಿ, ಅದರಿಂದಲೇ ಬೆನ್ನು ಕೆರೆದುಕೊಳ್ಳುತ್ತ ಹೇಳಿದರು: "ಬೀಡಿ ಎಲೆ ಕತ್ತರಿಸಿದ ಕೈ ಮಾರಾಯ್ತಿ ನಿನ್ನದು. ಕತ್ತರಿ ಹಿಡಿಯಲಿಕ್ಕೆ ಗೊತ್ತು. ತಕ್ಕಡಿ ಹಿಡಿಯಲಿಕ್ಕೆ ಬೇರೆಯೇ ಕೈ ಬೇಕು." ಎರಡನೆಯವರು ಪಂಚಾಯತಿನ ಒಬ್ಬ ಸದಸ್ಯರು. ಅವರು ಕಾರಣ ಹೇಳಲಿಲ್ಲ, ನಕ್ಕರು. ಮೂರನೆಯವರು ಅಮ್ಮ. "ನಾವು ಅಂಗಡಿಯ ಹೊರಗೆ ನಿಂತು ಸಾಮಾನು ಕೇಳುವವರು. ಒಳಗೆ ನಿಲ್ಲಲಿಕ್ಕೆ ಬೇರೆ ಜನ ಉಂಟು" ಎಂದು ಬೀಡಿಯ ಮೊರದಿಂದ ತಲೆ ಎತ್ತದೆ ಹೇಳಿದರು.

ಆಗುತ್ತದೆ ಎಂದವರು ಒಬ್ಬರೇ. ಅಮ್ಮನ ತಮ್ಮ, ನನ್ನ ಸೋದರಮಾವ.

ಮಾವನದು ಮೂರ್ತೆ ಕೆಲಸ. ತಾಳೆ ಮರ ಹತ್ತಿ ಕಳಿ ಇಳಿಸುವುದು, ಶಾಲೆಯ ಹಿಂದಿನ ಕಾಲುದಾರಿಯಲ್ಲಿರುವ ಗಡಂಗಿನಲ್ಲಿ ಕೂತು ಅದನ್ನು ಮಾರುವುದು. ಗಡಂಗು ಎಂದರೆ ತಗಡಿನ ಮಾಡು, ಎರಡು ಬೆಂಚು, ಒಂದು ಭರಣಿ. ಸನ್ನದು ಮೂರ್ತೆದಾರರ ಸಂಘದ್ದು, ನಡೆಸುವವರು ಮಾವ. ಸರಕಾರಿ ಕಾಗದದಲ್ಲಿ ಕಳಿಗೆ ಶೇಂದಿ ಎನ್ನುತ್ತಾರೆ. ನಾನು ಕಾಲೇಜಿಗೆ ಸೇರುವಾಗ ಅಪ್ಪ ಇರಲಿಲ್ಲ. ಪೋಷಕರ ಸಹಿಯ ಜಾಗದಲ್ಲಿ ಸಹಿ ಹಾಕಿದವರು ಮಾವ. ಬೆಳಗ್ಗಿನ ಮರ ಇಳಿದು ಹಾಗೆಯೇ ಬಂದಿದ್ದರು. ಕಚೇರಿಯ ಗುಮಾಸ್ತ ಮೂಗಿಗೆ ಕರ್ಚೀಫು ಹಿಡಿದು ಫಾರಂ ಚಾಚಿದ್ದ. ನಮ್ಮ ಕುಟುಂಬದಲ್ಲಿ ಡಿಗ್ರಿ ಮುಗಿಸಿದ ಮೊದಲಿಗಳು ನಾನು. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಆಗಲೂ ಇರಲಿಲ್ಲ.

ನಮ್ಮದು ವಿಟ್ಲ ರಸ್ತೆಯಿಂದ ಒಂದೂವರೆ ಕಿಲೋಮೀಟರ್ ಒಳಗಿರುವ ಊರು. ನಾಲ್ಕೈದು ವರ್ಷಗಳಲ್ಲಿ ಹೊಸ ಮನೆಗಳು ಬಂದಿವೆ, ಅಂಗಡಿ ಬಂದಿಲ್ಲ. ಒಂದು ಕಿಲೋ ಸಕ್ಕರೆಗೂ ರಿಕ್ಷಾ ಹಿಡಿಯಬೇಕು. ನಾನು ಮೆಲ್ಕಾರಿನ ಒಂದು ಸೂಪರ್ ಮಾರ್ಕೆಟಿನಲ್ಲಿ ಬಿಲ್ಲಿಂಗಿಗೆ ಕೂತು ಯಾವ ಸಾಮಾನು ಎಷ್ಟು ದಿನಕ್ಕೆ ಖಾಲಿಯಾಗುತ್ತದೆ ಎಂಬುದನ್ನು ಕಲಿತಿದ್ದೆ. ಊರಿನಲ್ಲಿ ಬಾಡಿಗೆಗೆ ಸಿಗುವ ಶಟರ್ ಕೋಣೆ ಎಂದು ಇದ್ದದ್ದು ಅದೊಂದೇ. ಹನ್ನೊಂದು ತಿಂಗಳ ಕರಾರು ಮಾಡಿಕೊಂಡೆ. ರ‍್ಯಾಕುಗಳನ್ನು ಪಿಕಪ್ಪಿನಲ್ಲಿ ತರಿಸಿದೆ. ಮಾವ ಮತ್ತು ನಾನು ಇಳಿಸಿ ಗೋಡೆಗೆ ಕೂರಿಸಿದೆವು. ಆಹಾರ ಸುರಕ್ಷತೆಯ ನೋಂದಣಿ ಆಯಿತು. ತಕ್ಕಡಿಗೆ ಇಲಾಖೆಯ ಮುದ್ರೆ ಬಿತ್ತು. ಉಳಿದದ್ದು ಪಂಚಾಯತಿನ ಪರವಾನಗಿ. ಅದಕ್ಕೆ ಕಟ್ಟಡದ ಯಜಮಾನರ ನಿರಾಕ್ಷೇಪಣಾ ಪತ್ರ ಬೇಕು. ಕರಾರು ಮಾಡಿದ ಮನುಷ್ಯ ಪತ್ರ ಕೊಡದಿರುತ್ತಾರೆಯೇ ಎಂದುಕೊಂಡಿದ್ದೆ.

ಕೊಡಲಿಲ್ಲ. ಇವತ್ತು, ನಾಳೆ, ಮದುವೆ ಉಂಟು, ಸೊಂಟ ನೋವು. ಎರಡು ತಿಂಗಳು ಹೀಗೆ ಹೋಯಿತು. ನಾನು ಪ್ರತಿದಿನ ಶಟರ್ ಎತ್ತಿ, ಖಾಲಿ ರ‍್ಯಾಕಿನ ಧೂಳು ಒರೆಸಿ, ಶಟರ್ ಇಳಿಸಿ ಬರುತ್ತಿದ್ದೆ. ದಾರಿಯಲ್ಲಿ ಸಿಕ್ಕವರು, "ಎಂತ, ಅಂಗಡಿಯಲ್ಲಿ ಇವತ್ತು ಗಾಳಿಗೆ ಎಷ್ಟು ರೇಟು?" ಎಂದು ಕೇಳುತ್ತಿದ್ದರು.

ಕೊನೆಗೆ ವಿಷಯ ಹೇಳಿದವರು ಪಂಚಾಯತಿನ ಅಭಿವೃದ್ಧಿ ಅಧಿಕಾರಿ, ಎಲ್ಲರೂ ಪಿಡಿಒ ಎನ್ನುವವರು. ಸಣ್ಣ ಪ್ರಾಯದವರು, ಘಟ್ಟದ ಮೇಲಿನವರು. ಫೈಲಿನಿಂದ ಒಂದು ಕಾಗದ ತೆಗೆದು ನನ್ನ ಕಡೆ ತಿರುಗಿಸಿದರು. "ಮೇಡಂ, ಇದನ್ನು ನೀವೇ ಓದಿ. ನಾನು ಹೇಳಿದೆ ಅಂತ ಬೇಡ."

ಅಬಕಾರಿ ಕಚೇರಿಯ ಪತ್ರ. ಮದ್ಯದಂಗಡಿಗೆ ಹೊಸ ಸನ್ನದು ಈಗ ಕೊಡುವುದಿಲ್ಲ. ಇರುವ ಸನ್ನದನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ಸ್ಥಳಾಂತರ ಮಾಡಿಸಿಕೊಳ್ಳುತ್ತಾರೆ. ಬೇರೆ ಕಡೆಯ ಒಂದು ವೈನ್ ಶಾಪನ್ನು ನಮ್ಮ ಊರಿಗೆ ತರಲು ಅರ್ಜಿ ಬಿದ್ದಿತ್ತು. ಡೋರ್ ನಂಬರ್ ಓದಿದೆ. ನಾನು ಧೂಳು ಒರೆಸುತ್ತಿದ್ದ ಕೋಣೆಯದು.

ಯಜಮಾನರ ಮನೆಗೆ ಹೋದೆ. ಅವರು ಜಗಲಿಯಲ್ಲಿದ್ದರು. ಅಡಗಿಸಲು ನೋಡಲಿಲ್ಲ.

"ಹೌದು. ವೈನ್ ಶಾಪಿನವರು ನೀನು ಕೊಡುವುದರ ನಾಲ್ಕು ಪಾಲು ಕೊಡ್ತಾರೆ. ನೀನಾದರೂ ಏನು ಮಾಡ್ತಿದ್ದೆ ನನ್ನ ಜಾಗದಲ್ಲಿದ್ದರೆ?"

"ಕರಾರು ಉಂಟಲ್ಲ?"

"ಪರವಾನಗಿ ಉಂಟಾ? ಪರವಾನಗಿ ಇಲ್ಲದ ಅಂಗಡಿ ಅಂಗಡಿಯೇ ಅಲ್ಲ. ಕೋರ್ಟಿಗೆ ಹೋಗು. ಬಿಕಾಂ ಅಲ್ವಾ ನೀನು. ತೀರ್ಪು ಬರುವಾಗ ನಿನ್ನ ಮಕ್ಕಳಿಗೂ ಬಿಕಾಂ ಆಗಿರ್ತದೆ."

ಒಳಗಿನಿಂದ ಯಾರೋ ನಕ್ಕರು. ನನಗೆ ಕುಡಿಯಲು ನೀರು ಬಂತು, ಸ್ಟೀಲ್ ಲೋಟದಲ್ಲಿ ಅಲ್ಲ, ಹೊರಗಿನವರಿಗೆಂದು ಇಟ್ಟ ಪ್ಲಾಸ್ಟಿಕ್ ಲೋಟದಲ್ಲಿ. ಕುಡಿದು ಬಂದೆ.

ಮರುದಿನ ತಾಲೂಕಿನ ಅಬಕಾರಿ ಕಚೇರಿಗೆ ಹೋದೆ. ನಿಯಮ ತೋರಿಸಿ ಎಂದೆ. ಗುಮಾಸ್ತರು, "ಶಾಲೆ, ದೇವಸ್ಥಾನ, ಆಸ್ಪತ್ರೆಯಿಂದ ನೂರು ಮೀಟರ್ ದೂರ ಇರಬೇಕು. ನಿಮ್ಮೂರಲ್ಲಿ ಶಾಲೆ ನೂರ ಇಪ್ಪತ್ತೊಂದು ಮೀಟರ್ ಉಂಟು, ಅವರು ನಕ್ಷೆ ಕೊಟ್ಟಿದ್ದಾರೆ. ಸರಿಯಾಗಿಯೇ ಉಂಟು" ಎಂದರು. ನಕ್ಷೆ ನೋಡಿದೆ. ಶಾಲೆಯ ಮುಂದಿನ ಗೇಟಿನಿಂದ ಡಾಮರು ರಸ್ತೆ ಹಿಡಿದು, ತಿರುವಿನಲ್ಲಿ ಬಳಸಿ, ಕೋಣೆಯ ಶಟರಿಗೆ ಬಂದ ಅಳತೆ. ಲೆಕ್ಕದಲ್ಲಿ ತಪ್ಪಿರಲಿಲ್ಲ.

ನಿಯಮದ ಪುಸ್ತಕವನ್ನು ಅಲ್ಲೇ ನಿಂತು ಓದಿದೆ. ಕೂರಲು ಯಾರೂ ಹೇಳಲಿಲ್ಲ. ಬಿಕಾಂನಲ್ಲಿ ವ್ಯವಹಾರ ಕಾನೂನಿನ ಪಾಠ ಮಾಡುತ್ತಿದ್ದ ಮೇಡಂ ಒಂದು ಮಾತು ಹೇಳುತ್ತಿದ್ದರು: ದೊಡ್ಡ ಅಕ್ಷರ ಬಿಡಿ, ಕೆಳಗಿನ ವಿವರಣೆ ಓದಿ. ಕೆಳಗೆ ವಿವರಣೆ ಇತ್ತು. ದೂರವನ್ನು ಅಳೆಯಬೇಕಾದದ್ದು, ಪಾದಚಾರಿಯು ಸಾಮಾನ್ಯವಾಗಿ ನಡೆದುಹೋಗುವ ಅತಿ ಹತ್ತಿರದ ದಾರಿಯಲ್ಲಿ, ಸಂಸ್ಥೆಯ ಅತಿ ಹತ್ತಿರದ ಗೇಟಿನವರೆಗೆ.

ಆ ಸಾಲನ್ನು ಮೂರು ಸಲ ಓದಿದೆ. ಮೂರನೆಯ ಸಲಕ್ಕೆ ನನಗೆ ತಡಮೆ ಕಾಣಿಸಿತು.

ಬೇಲಿ ದಾಟಲು ಈಚೆಗೆ ಎರಡು, ಆಚೆಗೆ ಎರಡು ಮೆಟ್ಟಿಲು ಕಲ್ಲು ಇಡುತ್ತಾರಲ್ಲ, ದನ ದಾಟದ ಹಾಗೆ, ಮನುಷ್ಯ ದಾಟುವ ಹಾಗೆ, ಅದಕ್ಕೆ ನಮ್ಮ ಕಡೆ ತಡಮೆ ಎನ್ನುತ್ತಾರೆ. ಯಜಮಾನರ ಜಾಗದ ಬೇಲಿಯಲ್ಲಿ ಒಂದು ತಡಮೆ ಇತ್ತು. ಶಾಲೆಯ ಹಿಂದೆ ಬಿಸಿಯೂಟದ ಕೋಣೆಯ ಪಕ್ಕ ಸಣ್ಣ ಗೇಟು. ಅಲ್ಲಿಂದ ಕಾಲುದಾರಿ, ತಡಮೆ, ತಡಮೆ ದಾಟಿದರೆ ಕೋಣೆಯ ಅಂಗಳ. ಈಚೆ ಬದಿಯ ಮಕ್ಕಳೆಲ್ಲ ಹೋಗುವುದು ಬರುವುದು ಅದರಲ್ಲೇ. ನಾನೂ ಏಳು ವರ್ಷ ಅದರಲ್ಲೇ ಹೋದವಳು. ಡಾಮರು ರಸ್ತೆಯಲ್ಲಿ ಸುತ್ತಿ ಶಾಲೆಗೆ ಹೋದ ಮಗು ನಮ್ಮ ಊರಿನಲ್ಲಿ ಇಲ್ಲ.

ವಿಟ್ಲದಿಂದ ಮೂವತ್ತು ಮೀಟರಿನ ಟೇಪು ತಂದೆ. ಭಾನುವಾರ ಅಮ್ಮನನ್ನು ಕರೆದುಕೊಂಡು ಹೋದೆ. ಅಮ್ಮ ಸಣ್ಣ ಗೇಟಿನಲ್ಲಿ ಟೇಪಿನ ತುದಿ ಒತ್ತಿ ಹಿಡಿದರು. "ಇದೆಂತ ಹುಚ್ಚು. ಸಾವಿರ ಬೀಡಿ ಬಾಕಿ ಉಂಟು ನನಗೆ" ಎನ್ನುತ್ತಲೇ ಹಿಡಿದರು. ಒಂದು ಮೂವತ್ತು ಮುಗಿಯಿತು, ಕಡ್ಡಿ ಚುಚ್ಚಿ ಮುಂದೆ ಹೋದೆವು. ತಡಮೆಗೆ ಐವತ್ತೆರಡು. ಶಟರಿನ ನಡುವಿಗೆ ಅರವತ್ತಮೂರು ಮೀಟರ್. ನಾನು ಅಮ್ಮನನ್ನು ಅಪ್ಪಿಕೊಂಡೆ. ಅಮ್ಮ ನನ್ನನ್ನು ತಳ್ಳಿ ಟೇಪು ಸುತ್ತತೊಡಗಿದರು.

ತಡಮೆಗೆ ಮೊದಲು, ಅದೇ ದಾರಿಯ ಬದಿಯಲ್ಲಿ, ಮಾವನ ಗಡಂಗು ಇತ್ತು. ಟೇಪು ಅದರ ಬಾಗಿಲನ್ನು ಸವರಿಕೊಂಡೇ ಹೋಗಿತ್ತು. ಸಣ್ಣ ಗೇಟಿನಿಂದ ಮೂವತ್ತೊಂಬತ್ತು. ಅಂಕೆ ನನ್ನ ಕಣ್ಣಿಗೆ ಬಿತ್ತು, ಪುಸ್ತಕದಲ್ಲಿ ಬರೆದುಕೊಳ್ಳಲಿಲ್ಲ. ಗಡಂಗಿನ ಸನ್ನದು ಕೊಡುವಾಗಲೂ ಯಾರೋ ಎಂದೋ ರಸ್ತೆಯಲ್ಲೇ ಅಳೆದಿರಬೇಕು. ಆಮೇಲೆ ಯಾರೂ ಅಳೆದಿಲ್ಲ. ಅಳೆಯುವ ಅಗತ್ಯ ಯಾರಿಗೂ ಇರಲಿಲ್ಲ.

ತಕರಾರು ಅರ್ಜಿ ಬರೆದೆ. ಕೈಯಾರೆ ನಕ್ಷೆ ಮಾಡಿದೆ: ಶಾಲೆ, ಸಣ್ಣ ಗೇಟು, ಕಾಲುದಾರಿ, ತಡಮೆ, ಕೋಣೆ. ಗಡಂಗು ಹಾಕಲಿಲ್ಲ. ಕೊಟ್ಟದ್ದಕ್ಕೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡೆ. ಸ್ಥಳ ತನಿಖೆಗೆ ಇನ್ಸ್‌ಪೆಕ್ಟರು ಬರುತ್ತಾರೆ, ಊರಿನ ಇಬ್ಬರು ಪಂಚರನ್ನು ಸಿದ್ಧ ಮಾಡಿಡಿ ಎಂದರು. ಪಂಚರೆಂದರೆ ಮಹಜರಿಗೆ ಸಾಕ್ಷಿ ಸಹಿ ಹಾಕುವವರು.

ಇಬ್ಬರು ಸಿಗುವುದು ಸುಲಭವಾಗಲಿಲ್ಲ. ಶಾಲೆಯ ಮುಖ್ಯೋಪಾಧ್ಯಾಯರು, "ದಾರಿ ಉಂಟು ಅಂತ ಬಾಯಲ್ಲಿ ಹೇಳ್ತೇನೆ, ಸಹಿ ಮಾತ್ರ ಕೇಳಬೇಡಿ" ಎಂದರು. ಹೊಸ ಮನೆಗಳವರಿಗೆ ಬಾವಿಯ ನೀರು ಬರುವುದು ಯಜಮಾನರ ಜಾಗದ ಪೈಪಿನಲ್ಲಿ. ಅವರು ಬಾಗಿಲಲ್ಲೇ ಕೈಮುಗಿದರು. ಬಿಸಿಯೂಟದ ಅಡುಗೆಯವರು ಒಪ್ಪಿದರು. ಇನ್ನೊಬ್ಬರು ಬೇಕಿತ್ತು.

"ಎಂತ ಹುಡುಕ್ತಿ?" ಎಂದರು ಮಾವ. "ದಿನಾ ಆ ದಾರಿಯಲ್ಲಿ ಕೂತವನು ನಾನು. ಮಕ್ಕಳು ಹೋಗುವುದನ್ನು ನನಗಿಂತ ಹೆಚ್ಚು ನೋಡಿದವರು ಯಾರುಂಟು?"

"ನಿಮಗೆ ಯಾಕೆ ಮಾಮ ಈ ತಾಪತ್ರಯ."

"ತಾಪತ್ರಯ ಎಂತದ್ದು? ವೈನ್ ಶಾಪು ಬಂದರೆ ನನ್ನ ಕಳಿ ಯಾರು ಮೂಸ್ತಾರೆ? ನಿನ್ನ ಅಂಗಡಿಯೂ ಉಳಿಯಿತು, ನನ್ನ ಗಡಂಗೂ ಉಳಿಯಿತು. ಒಂದೇ ಸಹಿಯಲ್ಲಿ ಎರಡು ಕೆಲಸ."

ಆ ಮೂವತ್ತೊಂಬತ್ತನ್ನು ಆಗ ಹೇಳಬಹುದಿತ್ತು. ಬಾಯಿ ತೆರೆದು, "ಸೋಮವಾರ ಎರಡೂವರೆಗೆ ಬನ್ನಿ" ಎಂದೆ.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಯಜಮಾನರ ಜನ ಬಂದು ತಡಮೆಯ ಕಲ್ಲು ಕಿತ್ತರು. ಸಂಜೆಯೊಳಗೆ ಅಲ್ಲಿ ಎದೆಮಟ್ಟದ ಮುರಕಲ್ಲಿನ ಗೋಡೆ ಎದ್ದಿತ್ತು. ಕಚೇರಿಯ ಒಳಗಿನವರೇ ಯಾರೋ ತನಿಖೆಯ ದಿನ ತಿಳಿಸಿರಬೇಕು. ನಾನು ಹೋಗಿ ನೋಡುವಾಗ ಸಿಮೆಂಟು ಇನ್ನೂ ಹಸಿ.

ಸೋಮವಾರ ಎರಡೂವರೆಗೆ ಇನ್ಸ್‌ಪೆಕ್ಟರು ಬಂದರು, ಜೊತೆಗೆ ಬರೆದುಕೊಳ್ಳಲು ಒಬ್ಬ ಗಾರ್ಡು. ಇನ್ಸ್‌ಪೆಕ್ಟರು ಒಳ್ಳೆಯವರೂ ಅಲ್ಲ ಕೆಟ್ಟವರೂ ಅಲ್ಲ, ಕೆಲಸ ಮುಗಿಸಿ ಹೋಗಬೇಕು ಎಂಬವರು. ಯಜಮಾನರು ಬಿಳಿ ಪಂಚೆ ಉಟ್ಟು ಎಳನೀರು ಕೆತ್ತಿಸಿ ಕಾದಿದ್ದರು.

"ಇವಳು ಹೇಳುವ ದಾರಿ ಎಲ್ಲಿ ಉಂಟು ಸಾರ್? ಗೋಡೆ ಉಂಟು. ಗೋಡೆಯೊಳಗೆ ನುಗ್ಗುವ ಪಾದಚಾರಿ ದೆವ್ವ ಮಾತ್ರ."

ಇನ್ಸ್‌ಪೆಕ್ಟರು ಗೋಡೆ ನೋಡಿದರು, ನನ್ನ ನಕ್ಷೆ ನೋಡಿದರು. "ಇದು ಈಗ ದಾರಿ ಅಲ್ವಲ್ಲಮ್ಮ" ಎಂದು ಗಾರ್ಡಿಗೆ ರಸ್ತೆಯ ಕಡೆ ಕೈ ತೋರಿಸಿದರು. ಗಾರ್ಡು ಟೇಪು ಹಿಡಿದು ಹೊರಟ.

ಎರಡು ತಿಂಗಳು ಧೂಳು ಒರೆಸಿದ ರ‍್ಯಾಕು ಕಣ್ಣ ಮುಂದೆ ಬಂತು. "ಸಾರ್, ನಾಲ್ಕು ಗಂಟೆಯವರೆಗೆ ನಿಲ್ಲಿ" ಎಂದೆ.

"ಎಂತಕ್ಕೆ?"

"ಶಾಲೆ ಬಿಡ್ತದೆ. ಸಾಮಾನ್ಯವಾಗಿ ನಡೆಯುವ ದಾರಿ ಅಂತ ನಿಯಮದಲ್ಲಿ ಉಂಟು. ನಡೆಯುವವರನ್ನು ನೋಡದೆ ಅಳೆದರೆ ನಾನು ಮೇಲಿನವರಿಗೆ ಬರೀತೇನೆ."

ಬರೆಯುತ್ತೇನೆ ಎಂದ ಮೇಲೆ ಅವರು ನನ್ನನ್ನು ಮೊದಲ ಸಲ ಸರಿಯಾಗಿ ನೋಡಿದರು. ಯಜಮಾನರು ಕುರ್ಚಿ ತರಿಸಿದರು. ನಮ್ಮ ಪಂಚರಿಬ್ಬರು ಗೋಡೆಯ ನೆರಳಿನಲ್ಲಿ ಕುಕ್ಕರುಗಾಲಲ್ಲಿ ಕೂತರು.

ನಾಲ್ಕಕ್ಕೆ ಗಂಟೆ ಹೊಡೆಯಿತು. ಸಣ್ಣ ಗೇಟಿನಿಂದ ಮಕ್ಕಳು ಓಡಿಕೊಂಡು ಬಂದವು, ನೇರ ಗೋಡೆಗೆ. ನಿಲ್ಲಲಿಲ್ಲ, ಯೋಚಿಸಲೂ ಇಲ್ಲ. ಬೆಳಗ್ಗೆ ಶಾಲೆಗೆ ಬರುವಾಗಲೇ ಅದನ್ನು ಹತ್ತಿ ಅಭ್ಯಾಸ ಮಾಡಿಕೊಂಡಿದ್ದವು ಎಂದು ಕಾಣುತ್ತದೆ. ಒಂದು ಹುಡುಗಿ ಚೀಲವನ್ನು ಮೊದಲು ಈಚೆ ಎಸೆದು ಹಿಂದೆಯೇ ತಾನು ಹಾರಿದಳು. ಚೀಲ ಇನ್ಸ್‌ಪೆಕ್ಟರ ಬೂಟಿನ ಮೇಲೆ ಬಿತ್ತು. "ಸಾರಿ ಸಾರ್" ಎಂದು ಎತ್ತಿಕೊಂಡು ಓಡಿದಳು. ಇನ್ನೊಬ್ಬ, ಮತ್ತೊಬ್ಬ. ಸಿಮೆಂಟಿನ ಮೇಲೆ ಬೆಳಗ್ಗಿನ ಕೆಸರು ಕೈಯ ಸಣ್ಣ ಸಣ್ಣ ಬೆರಳಚ್ಚು ಒಣಗಿತ್ತು.

"ಮಕ್ಕಳಾ ಮಂಗಗಳಾ ಇವು?" ಎಂದು ಯಜಮಾನರು ಕೂಗಿದರು. ಯಾರೂ ಕಿವಿಗೊಡಲಿಲ್ಲ.

ಇನ್ಸ್‌ಪೆಕ್ಟರು ಇಪ್ಪತ್ತರವರೆಗೆ ಎಣಿಸಿ ಕುರ್ಚಿಯಿಂದ ಎದ್ದರು. "ಟೇಪು ಈ ಕಡೆ ತಾ" ಎಂದು ಗಾರ್ಡಿಗೆ ಹೇಳಿದರು. ಅಳೆದರು. ಅರವತ್ತಮೂರು ಮೀಟರ್, ಹನ್ನೆರಡು ಸೆಂಟಿಮೀಟರ್. ನನ್ನ ಅಳತೆಗೂ ಅವರ ಅಳತೆಗೂ ಒಂದು ಗೇಣಿನ ವ್ಯತ್ಯಾಸವೂ ಇರಲಿಲ್ಲ.

ಹಿಂದೆ ಬರುವಾಗ ಅವರು ಗಡಂಗಿನ ಎದುರು ನಿಂತರು. ಬೋರ್ಡು ಓದಿದರು. ಟೇಪಿನ ಕಡೆ ನೋಡಿದರು. ಆಮೇಲೆ ಮಹಜರು ಬರೆಸುವಾಗ ಒಂದು ಸಾಲು ಸೇರಿಸಿ ಹೇಳಿದರು. ಮಾವ ಆಗ ಅಡುಗೆಯವರೊಂದಿಗೆ ಮಕ್ಕಳ ತಮಾಷೆ ಹೇಳಿ ನಗುತ್ತಿದ್ದರು.

ಗಾರ್ಡು ಬರೆದು ಮುಗಿಸಿ, "ಪಂಚರಿಗೆ ಓದಿ ಹೇಳಬೇಕು" ಎಂದ. ಮಾವ ಎರಡನೇ ಕ್ಲಾಸು ಬಿಟ್ಟವರು. ಹೆಸರು ಬರೆಯುತ್ತಾರೆ, ಓದಲು ಬರುವುದಿಲ್ಲ. ಅಡುಗೆಯವರದು ಹೆಬ್ಬೆಟ್ಟು.

ಮಾವ ಎದ್ದು ನಿಂತರು. "ನೀವು ಓದುವುದು ಬೇಡ ಸಾರ್. ಇವಳು ನನ್ನ ಅಕ್ಕನ ಮಗಳು. ಬಿಕಾಂ. ಇವಳು ಓದ್ತಾಳೆ, ನಾವು ಕೇಳ್ತೇವೆ."

ಇನ್ಸ್‌ಪೆಕ್ಟರು ಗಡಿಯಾರ ನೋಡಿ, "ಓದಲಿ, ಬೇಗ" ಎಂದು ಜೀಪಿನ ಕಡೆ ನಡೆದರು. ಗಾರ್ಡು ಕಾಗದ ಕೊಟ್ಟ.

ನಾನು ಗಟ್ಟಿಯಾಗಿ ಓದಿದೆ. ಶಾಲೆಯ ಹಿಂದಿನ ಗೇಟು ಓದಿದೆ. ಹೊಸದಾಗಿ ಕಟ್ಟಿದ ಗೋಡೆ ಓದಿದೆ. ಮಕ್ಕಳು ದಾಟಿ ಬಂದದ್ದು, ಅರವತ್ತಮೂರು ಮೀಟರ್ ಹನ್ನೆರಡು ಸೆಂಟಿಮೀಟರ್ ಓದಿದೆ. ಅದರ ಮುಂದಿನ ಸಾಲು ಹೀಗಿತ್ತು: 'ಸದರಿ ದಾರಿಯಲ್ಲಿ ಶಾಲೆಯ ಹಿಂದಿನ ಗೇಟಿನಿಂದ ಮೂವತ್ತೊಂಬತ್ತು ಮೀಟರ್ ಅಂತರದಲ್ಲಿ ಶೇಂದಿ ಮಾರಾಟದ ಅಂಗಡಿಯೊಂದು ಸಹ ಇರುವುದು ಕಂಡುಬಂದಿರುತ್ತದೆ.'

ಅದನ್ನು ಓದಿದರೆ ಮಾವ ಸಹಿ ಹಾಕುವುದಿಲ್ಲ. ಸಹಿ ಇಲ್ಲದಿದ್ದರೆ ಮಹಜರು ಇಲ್ಲ. ಇನ್ನೊಂದು ದಿನ ತನಿಖೆ ಎಂದರೆ ಅಷ್ಟರಲ್ಲಿ ಗೋಡೆಯ ಮೇಲೆ ಗಾಜಿನ ಚೂರು ಬಂದಿರುತ್ತದೆ. ಇಷ್ಟನ್ನೂ ನಾನು ಒಂದು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಯೋಚಿಸಿದೆ. ಉಸಿರು ಬಿಟ್ಟು ಕೊನೆಯ ಸಾಲಿಗೆ ಹೋದೆ. 'ಮೇಲಿನ ಮಹಜರನ್ನು ಓದಿ ಹೇಳಲಾಗಿ, ಕೇಳಿ ತಿಳಿದು, ಸರಿ ಇದೆ ಎಂದು ಒಪ್ಪಿ ಸಹಿ ಮಾಡಿರುತ್ತೇವೆ.' ಅದನ್ನೂ ಗಟ್ಟಿಯಾಗಿಯೇ ಓದಿದೆ.

ಮಾವ ಪೆನ್ನು ತೆಗೆದುಕೊಂಡು, ಕಾಗದವನ್ನು ಜೀಪಿನ ಬಾನೆಟ್ಟಿನ ಮೇಲಿಟ್ಟು, ನಿಧಾನವಾಗಿ ಪೂರ್ತಿ ಹೆಸರು ಬರೆದರು. "ಸರಿ ಬಂತಾ ನೋಡು" ಎಂದರು. ಸರಿ ಬಂದಿತ್ತು.

ಎಂಟು ದಿನ ಕಳೆದು, ಮಂಗಳವಾರ, ಯಜಮಾನರು ಕೋಣೆಗೆ ಬಂದರು. ನಾನು ರ‍್ಯಾಕು ಒರೆಸುತ್ತಿದ್ದೆ. ಅವರ ಕೈಯಲ್ಲಿ ಮಹಜರಿನ ಪ್ರತಿ.

"ನೀನು ಓದುವಾಗ ನಾನು ಅಲ್ಲೇ ಇದ್ದೆ, ಗೊತ್ತುಂಟಲ್ಲ? ಮನೆಗೆ ಹೋಗಿ ಕನ್ನಡಕ ಇಟ್ಟು ನಾನೂ ಓದಿದೆ. ನಿನಗೆ ಓದಲಿಕ್ಕೆ ಬರ್ತದೆ ಅಂತ ಗೊತ್ತಿತ್ತು ಮಾರಾಯ್ತಿ. ಬಿಡಲಿಕ್ಕೂ ಬರ್ತದೆ ಅಂತ ಗೊತ್ತಿರಲಿಲ್ಲ. ಸಾಮಾನ್ಯದವಳಲ್ಲ ನೀನು."

ನಾನು ಒರೆಸುವುದನ್ನು ನಿಲ್ಲಿಸಲಿಲ್ಲ.

"ಕೇಳು. ಆರ್ಡರ್ ಇನ್ನೂ ಆಗಲಿಲ್ಲ. ನಿನ್ನ ತಕರಾರು ಹಿಂದೆ ತೆಗಿ, ಆ ಮಹಜರು ಫೈಲಿನಲ್ಲೇ ಮಲಗ್ತದೆ. ಗಡಂಗಿನ ಸುದ್ದಿಗೆ ನಾನು ಹೋಗುವುದಿಲ್ಲ. ತೆಗಿಯದಿದ್ದರೆ, ಅರವತ್ತಮೂರು ಆಗದ ಊರಲ್ಲಿ ಮೂವತ್ತೊಂಬತ್ತು ಹೇಗೆ ಆಗ್ತದೆ ಅಂತ ನಾನು ಒಂದು ಅರ್ಜಿ ಬರೀತೇನೆ. ನಿನ್ನಷ್ಟು ಒಳ್ಳೆಯ ಕನ್ನಡ ಬರ್ಲಿಕ್ಕಿಲ್ಲ. ಸಾಕ್ಷಿಗೆ ನಿನ್ನ ಮಾವನ ಸಹಿಯೇ ಉಂಟು. ಶುಕ್ರವಾರದವರೆಗೆ ನೋಡ್ತೇನೆ."

ಆ ಮೂರು ದಿನ ನಾನು ಏನು ಮಾಡಿದೆ ಎಂದು ಸರಿಯಾಗಿ ಬರೆಯಬೇಕು. ಹಿಂತೆಗೆದುಕೊಳ್ಳುವ ಅರ್ಜಿಯನ್ನು ಬರೆದೆ, ಸಹಿ ಹಾಕಿ ಚೀಲದಲ್ಲಿಟ್ಟೆ. ಗುರುವಾರ ಬಸ್ ಸ್ಟ್ಯಾಂಡಿನವರೆಗೆ ಹೋದೆ. ತಾಲೂಕು ಕಚೇರಿಗಳ ಕಡೆ ಹೋಗುವ ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು. ಮಾವನಿಗೆ ಮರ ಹತ್ತಲು ಇನ್ನು ಹೆಚ್ಚೆಂದರೆ ಐದು ವರ್ಷ, ನನಗೆ ಮುಂದೆ ಮೂವತ್ತು ವರ್ಷ ಉಂಟು ಎಂದು ಲೆಕ್ಕ ಹಾಕಿದೆ. ಈ ಲೆಕ್ಕವನ್ನು ಅವರೊಡನೆ ಕೂತು ಹಾಕಬೇಕಾಗಿತ್ತು. ಒಬ್ಬಳೇ ಹಾಕಿದೆ. ಅರ್ಜಿಯನ್ನು ಹರಿದು, ಪೇಟೆಯಿಂದ ಬೆಲೆ ಬರೆಯುವ ಸ್ಟಿಕರಿನ ಎರಡು ಸುರುಳಿ ಕೊಂಡು ಮನೆಗೆ ಬಂದೆ.

ವೈನ್ ಶಾಪಿನ ಸ್ಥಳಾಂತರ ತಿರಸ್ಕೃತವಾಯಿತು. ಯಜಮಾನರಿಗೆ ಬೇರೆ ಬಾಡಿಗೆದಾರರು ಸಿಗಲಿಲ್ಲ. ನಿರಾಕ್ಷೇಪಣಾ ಪತ್ರಕ್ಕೆ ಸಹಿ ಹಾಕಿ ಜಗಲಿಯಿಂದ ಅಂಗಳಕ್ಕೆ ಎಸೆದರು, ನಾನು ಹೆಕ್ಕಿಕೊಂಡೆ. ಹೇಳಿದಂತೆ ತಮ್ಮ ಅರ್ಜಿಯನ್ನೂ ಬರೆದರು.

ಗಡಂಗಿಗೆ ನೋಟೀಸು ಬಂತು. ಮಾವ ಅದನ್ನು ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ನೇರ ನನ್ನ ಹತ್ತಿರ ತಂದರು. ಬೇರೆ ಯಾರಲ್ಲಿಗೆ ಹೋಗಬೇಕು? ಮನೆಯಲ್ಲಿ ಕಾಗದ ಓದುವವಳು ನಾನೇ.

"ಸಂಘಕ್ಕೆ ಎಂತದೋ ಬಂದಿದೆಯಂತೆ. ಓದು."

ಆವತ್ತು ನಾನು ಒಂದು ಅಕ್ಷರವನ್ನೂ ಬಿಡದೆ ಓದಿದೆ. ಮೂವತ್ತೊಂಬತ್ತು ಮೀಟರ್ ಓದಿದೆ. ಪಂಚರ ಸಮಕ್ಷಮ ನಡೆದ ಮಹಜರು ಎಂಬುದನ್ನು ಓದಿದೆ. ಮುಂದಿನ ಅವಧಿಗೆ ಸನ್ನದು ನವೀಕರಿಸಲು ಬರುವುದಿಲ್ಲ, ಬೇರೆ ಜಾಗ ತೋರಿಸತಕ್ಕದ್ದು ಎಂಬುದನ್ನೂ ಓದಿದೆ. ಅಮ್ಮನ ಕತ್ತರಿಯ ಸದ್ದು ನಿಂತಿತ್ತು.

"ಆ ಮಹಜರಿನಲ್ಲಿ ನನ್ನ ಸಹಿ ಉಂಟಾ?" ಎಂದು ಮಾವ ಕೇಳಿದರು.

"ಉಂಟು."

ಅವರು ನೋಟೀಸನ್ನು ಹಿಂದಕ್ಕೆ ತೆಗೆದುಕೊಂಡು ಬಂದ ಮಡಿಕೆಯಲ್ಲೇ ಮಡಚಿದರು. "ಆ ದಿವಸ ನೀನು ಓದಿದ್ದು ಇಷ್ಟು ಉದ್ದ ಇರಲಿಲ್ಲ" ಎಂದರು. ಚಪ್ಪಲಿ ಹಾಕಿಕೊಂಡು ಹೋದರು. ಚಹಾ ಆಗಿತ್ತು, ಕುಡಿಯಲಿಲ್ಲ.

ಅಮ್ಮ ಕೇಳಿದರು. "ಎಷ್ಟು ಸಾಲು ಬಿಟ್ಟೆ?"

"ಒಂದು."

"ಒಂದೇನಾ" ಎಂದು ಕತ್ತರಿ ಎತ್ತಿಕೊಂಡರು.

ಸಂಘದವರು ಬೇರೆ ಜಾಗ ಹುಡುಕಿದರು. ಎಲ್ಲಿ ಹೋದರೂ ಮನೆಯವರು ಬೇಡವೆಂದರು, ಇಲ್ಲವೇ ಪಕ್ಕದಲ್ಲಿ ಏನಾದರೊಂದು ಇತ್ತು. ತಾಳೆ ಮರಗಳನ್ನು ಮಾವ ಇನ್ನೊಬ್ಬ ಪ್ರಾಯದವನಿಗೆ ಬಿಟ್ಟುಕೊಟ್ಟರು. ಅವನು ಕಳಿಯನ್ನು ಸ್ಕೂಟರಿನಲ್ಲಿ ದೂರದ ಗಡಂಗಿಗೆ ಒಯ್ಯುತ್ತಾನೆ. ಮಾವನಿಗೆ ಸ್ಕೂಟರ್ ಬರುವುದಿಲ್ಲ.

ನನಗೆ ಪರವಾನಗಿ ಸಿದ್ಧವಾಗಿದೆ ಎಂದು ಪಂಚಾಯತಿನಿಂದ ಫೋನು ಬಂತು. ಹಸಿರು ಸೀರೆ ಉಟ್ಟು ಹೋದೆ. ಅಷ್ಟು ಮಾಡಿದವಳಿಗೆ ಅಷ್ಟು ಖುಷಿ ಇರಬಾರದೇ ಎಂದು ಕೇಳಿದರೆ, ಇತ್ತು. ಮೆಟ್ಟಿಲು ಹತ್ತುವಾಗ ಇತ್ತು. ಒಳಗೆ ಹೋದರೆ ಬೆಂಚಿನ ಮೇಲೆ ಮಾವ ಕೂತಿದ್ದರು. ಗಡಂಗಿನ ಡೋರ್ ನಂಬರ್ ರದ್ದು ಮಾಡಿಸಲು ಅರ್ಜಿ ತಂದಿದ್ದರು. ಯಾರ ಕೈಯಲ್ಲೋ ಬರೆಸಿದ್ದು, ನನ್ನ ಕೈಬರಹವಲ್ಲ. ಬಿಳಿ ಅಂಗಿ ಹಾಕಿದ್ದರು. ಕಳಿಯ ವಾಸನೆ ಇರಲಿಲ್ಲ.

ಪಿಡಿಒ ಎದ್ದು ನಿಂತು ಪರವಾನಗಿ ಪತ್ರವನ್ನು ಎರಡೂ ಕೈಯಲ್ಲಿ ಕೊಟ್ಟರು. "ಅಭಿನಂದನೆ ಮೇಡಂ. ಫ್ರೇಮ್ ಹಾಕಿಸಿ ಕಾಣುವ ಹಾಗೆ ಇಡಿ." ತೆಗೆದುಕೊಂಡೆ. ನನ್ನ ಹೆಸರು, ತಂದೆಯ ಹೆಸರು, ಡೋರ್ ನಂಬರ್, ಉದ್ದಿಮೆ: ದಿನಸಿ ಅಂಗಡಿ.

ತಿರುಗಿದಾಗ ಮಾವ ಎದ್ದು ನಿಂತಿದ್ದರು. ನಾನು ಹುಟ್ಟಿದಂದಿನಿಂದ ಅವರು ನನ್ನೊಡನೆ ತುಳುವಿನಲ್ಲಿ ಅಲ್ಲದೆ ಮಾತಾಡಿದವರಲ್ಲ. ಇಲ್ಲಿ ನಾನು ಬರೆದ ಅವರ ಮಾತೆಲ್ಲ ನಾನೇ ಕನ್ನಡ ಮಾಡಿದ್ದು. ಆವತ್ತು ಮಾತ್ರ ಅವರೇ ಕನ್ನಡದಲ್ಲಿ, ಕಚೇರಿಯಲ್ಲಿ ದೊಡ್ಡವರೊಡನೆ ಮಾತಾಡುವಂತೆ ಕೈಯನ್ನು ಕಟ್ಟಿಕೊಂಡು, ನನ್ನನ್ನು ಕೇಳಿದರು:

"ಗೋಣಿ ಹೊರಲಿಕ್ಕೆ ಜನ ಬೇಕಾ ಮೇಡಂ, ನಿಮ್ಮ ಅಂಗಡಿಗೆ?"